ತೀವ್ರ ನಿಗಾ ಘಟಕದಲ್ಲಿರುವ ಹಸುಗೂಸು: ಹೆತ್ತವರ ಪಾಲಿನ ಕೆಲಸ

ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮಗುವನ್ನು ತಾಯಿಯ ಮಗ್ಗುಲಲ್ಲಿ ಮಲಗಿಸುವ ಬದಲು ತೀವ್ರ ನಿಗಾ ಘಟಕಕ್ಕೆ ಕೊಂಡೊಯ್ದರೆ ಮನೆಮಂದಿಗೆ ಕೈಕಾಲೇ ಆಡುವುದಿಲ್ಲ. ತಾಯಿ ಒಂದು ಕೋಣೆಯಲ್ಲಿ, ಮಗು ಇನ್ನೊಂದು ಕಡೆ. ಕೆಲವೊಮ್ಮೆ ಆಸ್ಪತ್ರೆಯೇ ಬೇರೆ, ಊರೇ ಬೇರೆ. ನಮ್ಮ ಮಂಜೇಶ್ವರ, ಕಾಸರಗೋಡು ಕಡೆಯ ಹಳ್ಳಿಗಳಲ್ಲಂತೂ ಹೆರಿಗೆ ಹತ್ತಿರದ ಪೇಟೆಯಲ್ಲಾಗಿ ಮಗುವನ್ನು ಮಂಗಳೂರಿಗೋ ಕಾಞಂಗಾಡಿಗೋ ಸಾಗಿಸಬೇಕಾಗಿ ಬರುವುದು ಹೊಸತಲ್ಲ.

ಇಂತಹ ಹೊತ್ತಿನಲ್ಲಿ ಮನೆಯ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತು ಇದು: “ಮಗುವನ್ನು ಡಾಕ್ಟರರು, ನರ್ಸ್‌ಗಳು ನೋಡಿಕೊಳ್ಳುತ್ತಾರೆ. ಇವಳು ಹಸಿ ಬಾಣಂತಿ, ಮನೆಯಲ್ಲಿ ಮಲಗಲಿ. ಗಂಡ ದಿನಕ್ಕೊಮ್ಮೆ ಹೋಗಿ ಔಷಧಿ ತಂದುಕೊಟ್ಟು, ಬಿಲ್ಲು ಕಟ್ಟಿ ಬಂದರೆ ಸಾಕು.” ಇದು ಪ್ರೀತಿಯಿಂದ ಹೇಳುವ ಮಾತೇ. ಆದರೆ ಇದರಿಂದ ಮಗುವಿಗೆ ನಷ್ಟವಾಗುತ್ತದೆ. ತೀವ್ರ ನಿಗಾ ಘಟಕದಲ್ಲಿ ತಂದೆತಾಯಿ ನೋಡಿಹೋಗುವ ನೆಂಟರಲ್ಲ. ಅವರು ಚಿಕಿತ್ಸೆಯ ಒಂದು ಭಾಗ. ಯಂತ್ರ ಮತ್ತು ಔಷಧಿ ಮಾಡಲಾಗದ ಕೆಲವು ಕೆಲಸಗಳನ್ನು ಅವರು ಮಾತ್ರ ಮಾಡಬಲ್ಲರು. ಆ ಕೆಲಸಗಳು ಯಾವುವು, ಅವನ್ನು ಮಾಡುವುದು ಹೇಗೆ ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಯಾವ ಮಕ್ಕಳಿಗೆ ಈ ಘಟಕ ಬೇಕು?

ಗರ್ಭದಲ್ಲಿ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. ಒಂದೂವರೆ ಕಿಲೋಗಿಂತ ಕಡಿಮೆ ಇದ್ದರೆ ಹೆಚ್ಚಿನ ಎಚ್ಚರಿಕೆ ಬೇಕು. ದಿನ ತುಂಬಿ ಹುಟ್ಟಿದ ಮಕ್ಕಳಿಗೂ ಹುಟ್ಟಿದೊಡನೆ ಉಸಿರು ಬಾರದಿದ್ದರೆ, ಸೋಂಕು ತಗಲಿದ್ದರೆ, ಕಾಮಾಲೆ ಹೆಚ್ಚಾದರೆ, ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಈ ಘಟಕದ ಆರೈಕೆ ಬೇಕಾಗುತ್ತದೆ. ಸಕ್ಕರೆ ಕಾಯಿಲೆ ಇರುವ ತಾಯಂದಿರ ಮಕ್ಕಳಲ್ಲಿ ಈ ಕೊನೆಯ ತೊಂದರೆ ಹೆಚ್ಚು.

ಅವಧಿಗೆ ಮೊದಲು ಹುಟ್ಟಿದ ಮಗುವಿನ ಮುಖ್ಯ ಕಷ್ಟಗಳು ನಾಲ್ಕು. ಚರ್ಮದಡಿಯಲ್ಲಿ ಕೊಬ್ಬು ಇಲ್ಲದ್ದರಿಂದ ಮೈ ಬೇಗ ತಣ್ಣಗಾಗುತ್ತದೆ. ಶ್ವಾಸಕೋಶ ಬಲಿತಿರುವುದಿಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಸುಮಾರು 34 ವಾರದ ಹೊತ್ತಿಗೆ ಬರುವುದರಿಂದ ಅದಕ್ಕೆ ಮೊದಲು ಮೊಲೆ ಕುಡಿಯಲು ಕಷ್ಟ. ರೋಗವನ್ನು ಎದುರಿಸುವ ಶಕ್ತಿಯೂ ಕಡಿಮೆ.

ಶ್ವಾಸಕೋಶದ ತೊಂದರೆ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರಿಗೆ ಪ್ಯಾಟ್ರಿಕ್ ಎಂಬ ಗಂಡುಮಗು ಐದೂವರೆ ವಾರ ಮೊದಲೇ ಹುಟ್ಟಿತು. ತೂಕ ಎರಡು ಕಿಲೋಗಿಂತ ಹೆಚ್ಚೇ ಇತ್ತು. ಆದರೂ ಉಸಿರಾಟದ ತೊಂದರೆಯಿಂದ ಎರಡೇ ದಿನದಲ್ಲಿ ತೀರಿಕೊಂಡಿತು. ಶ್ವಾಸಕೋಶದ ಗಾಳಿಚೀಲಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ವಸ್ತುವಿನ ಕೊರತೆಯೇ ಇದಕ್ಕೆ ಕಾರಣವೆಂದು 1959ರಲ್ಲೇ ತಿಳಿದಿತ್ತು. ಆದರೆ ಅದನ್ನು ಔಷಧಿಯಾಗಿ ಕೊಡಲು ಸಾಧ್ಯವೆಂದು ಜಪಾನಿನ ಡಾ. ಫುಜಿವಾರ ತೋರಿಸಿಕೊಟ್ಟದ್ದು 1980ರಲ್ಲಿ. ಅಂದು ಅಧ್ಯಕ್ಷರ ಮಗುವಿಗೂ ಸಿಗದ ಆ ಔಷಧಿ ಇಂದು ನಮ್ಮ ಪೇಟೆಗಳ ಆಸ್ಪತ್ರೆಗಳಲ್ಲೂ ದೊರೆಯುತ್ತದೆ. ಆದುದರಿಂದ ಮಗು ಸಣ್ಣದೆಂದು ಕೂಡಲೇ ಆಸೆ ಬಿಡಬಾರದು.

ಯಂತ್ರಗಳನ್ನು ಕಂಡು ಗಾಬರಿ ಬೇಡ

ಮೊದಲ ದಿನ ಒಳಗೆ ಹೋದವರಿಗೆ ಮಗುವಿಗಿಂತ ವಯರುಗಳೇ ಹೆಚ್ಚು ಕಾಣುತ್ತವೆ. ಪ್ರತಿಯೊಂದಕ್ಕೂ ಒಂದು ಕೆಲಸವಿದೆ. ಮೇಲಿನಿಂದ ಶಾಖ ಕೊಡುವ ಮಂಚಕ್ಕೆ ವಾರ್ಮರ್ ಎನ್ನುತ್ತಾರೆ. ಮುಚ್ಚಿದ ಗಾಜಿನಂತಹ ಪೆಟ್ಟಿಗೆ ಇನ್‌ಕ್ಯುಬೇಟರ್; ಕೋಳಿಮರಿಗೆ ಕಾವು ಬೇಕಾದಂತೆ ಇಲ್ಲಿ ಮಗುವಿಗೆ ಹದವಾದ ಬಿಸಿ ಸಿಗುತ್ತದೆ. ಕಾಲಿಗೋ ಕೈಗೋ ಸುತ್ತಿರುವ ಕೆಂಪು ಬೆಳಕಿನ ಪಟ್ಟಿ ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುತ್ತದೆ. ಮೂಗಿನ ಬಳಿ ಕಟ್ಟಿದ ಕೊಳವೆ ಸಿಪ್ಯಾಪ್ ಯಂತ್ರದ್ದು. ಅದು ಮೆಲ್ಲನೆ ಗಾಳಿ ಒತ್ತಿ ಶ್ವಾಸಕೋಶ ಕುಗ್ಗದಂತೆ ನೋಡಿಕೊಳ್ಳುತ್ತದೆ. ಬಾಯಿಂದಲೋ ಮೂಗಿನಿಂದಲೋ ಹೊಟ್ಟೆಗೆ ಇಳಿಸಿದ ಸಪೂರ ಕೊಳವೆ ಹಾಲು ಕೊಡಲು. ನೀಲಿ ಬೆಳಕು ಕಾಮಾಲೆಗೆ. ಆಗ ಕಣ್ಣಿಗೆ ಕಟ್ಟುವ ಪಟ್ಟಿ ಬೆಳಕು ತಾಗದಿರಲಿ ಎಂದು ಮಾತ್ರ.

ಯಂತ್ರ ಕೂಗಿದ ಕೂಡಲೇ ಮಗುವಿಗೆ ಅಪಾಯವೆಂದು ತಿಳಿಯಬಾರದು. ಮಗು ಕಾಲು ಆಡಿಸಿದಾಗ ಪಟ್ಟಿ ಸಡಿಲಾದರೂ ಅದು ಕೂಗುತ್ತದೆ. ಮೊದಲ ವಾರದಲ್ಲಿ ತೂಕ ಇಳಿಯುವುದೂ ಸಹಜ. ಸಣ್ಣ ಮಕ್ಕಳು ಹುಟ್ಟಿದಾಗಿನ ತೂಕಕ್ಕೆ ಮರಳಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು. “ನಿನ್ನೆ 1,420 ಗ್ರಾಂ ಇತ್ತು, ಇಂದು 1,400” ಎಂದು ಕೇಳಿ ಕಂಗೆಡಬೇಡಿ. ಒಂದು ದಿನದ ತೂಕಕ್ಕಿಂತ ಒಂದು ವಾರದ ತೂಕ ನೋಡುವುದು ಒಳ್ಳೆಯದು.

ಮೊದಲ ಕೆಲಸ: ತಾಯಿಯ ಹಾಲು

ಹಟ್ಟಿಯಲ್ಲಿ ಕರು ಹುಟ್ಟಿದರೆ ನಾವು ಮೊದಲು ಮಾಡುವುದೇನು? ತಾಯಿ ನೆಕ್ಕಲಿ ಎಂದು ಬಿಡುತ್ತೇವೆ, ಗಿಣ್ಣುಹಾಲು ಕುಡಿಸುತ್ತೇವೆ. ಗಿಣ್ಣು ಸಿಗದ ಕರು ಬದುಕುವುದು ಕಷ್ಟವೆಂದು ದನ ಸಾಕಿದವರಿಗೆ ಗೊತ್ತು. ಮನುಷ್ಯರ ಮಗುವಿಗೂ ಇದೇ ನ್ಯಾಯ. ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲಿನಲ್ಲಿ ರೋಗ ತಡೆಯುವ ಅಂಶಗಳು ತುಂಬಿರುತ್ತವೆ. ಅವಧಿಪೂರ್ವ ಮಕ್ಕಳಿಗೆ ಬರುವ ಕರುಳು ಕೊಳೆಯುವ ಭಯಂಕರ ಕಾಯಿಲೆ ತಾಯಿಯ ಹಾಲು ಕುಡಿಯುವ ಮಕ್ಕಳಲ್ಲಿ ಕಡಿಮೆ.

ಮಗುವಿಗೆ ಮೊಲೆ ಚೀಪಲು ಆಗದಿದ್ದರೂ ತಾಯಿ ಹಾಲನ್ನು ಕೈಯಿಂದ ಹಿಂಡಿ ತೆಗೆಯಬೇಕು. ಹೆರಿಗೆಯಾದ ಒಂದು ಗಂಟೆಯೊಳಗೆ, ಆಗದಿದ್ದರೆ ಆರು ಗಂಟೆಯೊಳಗಾದರೂ ಆರಂಭಿಸಬೇಕು. ದಿನಕ್ಕೆ ಎಂಟರಿಂದ ಹತ್ತು ಸಲ ತೆಗೆಯಬೇಕು. ರಾತ್ರಿ ಒಂದು ಸಲವಾದರೂ ಏಳಬೇಕು. ಮೊದಲ ದಿನ ಕೆಲವೇ ಹನಿ ಬಂದರೆ “ಹಾಲೇ ಇಲ್ಲ” ಎಂದು ನಿಲ್ಲಿಸಬಾರದು. ಒಂದು ಕಿಲೋದ ಮಗುವಿಗೆ ಆ ಹನಿಗಳೇ ಸಾಕು. ಹೊಟ್ಟೆಗೆ ಹಾಲು ಕೊಡಲಾಗದಿದ್ದಾಗಲೂ ಎರಡು ಹನಿಯನ್ನು ಕೆನ್ನೆಯ ಒಳಬದಿಗೆ ಸವರುವ ಕ್ರಮ ಅನೇಕ ಆಸ್ಪತ್ರೆಗಳಲ್ಲಿದೆ. ತೆಗೆದಷ್ಟೂ ಹಾಲು ಹೆಚ್ಚುತ್ತದೆ. ತೆಗೆಯದಿದ್ದರೆ ಒಂದೆರಡು ವಾರದಲ್ಲಿ ಬತ್ತುತ್ತದೆ. ಮಗು ಚೀಪಲು ಕಲಿಯುವ ಹೊತ್ತಿಗೆ ಹಾಲಿರುವುದಿಲ್ಲ. ಬಾಣಂತಿ ಮನೆಯಲ್ಲಿ, ಮಗು ದೂರದಲ್ಲಿ ಉಳಿದಾಗ ಆಗುವ ದೊಡ್ಡ ನಷ್ಟ ಇದೇ.

ತೆಗೆದ ಹಾಲನ್ನು ಕುದಿಸಿ ತೊಳೆದ, ಮುಚ್ಚಳವಿರುವ ಪಾತ್ರೆಯಲ್ಲಿಟ್ಟು ಹೆಸರು, ದಿನಾಂಕ, ಗಂಟೆ ಬರೆಯಬೇಕು. ನಮ್ಮ ಸೆಖೆಯಲ್ಲಿ ಹೊರಗೆ ನಾಲ್ಕು ಗಂಟೆಗಿಂತ ಹೆಚ್ಚು ಇಡಬಾರದು. ಮನೆಯಿಂದ ತರುವುದಾದರೆ ಫ್ರಿಜ್‌ನಲ್ಲಿಟ್ಟು, ಐಸ್ ಇರುವ ಡಬ್ಬಿಯಲ್ಲಿ ತರಬೇಕು. ಎಷ್ಟು ಹೊತ್ತಿನ ಹಾಲನ್ನು ಸ್ವೀಕರಿಸುತ್ತಾರೆ ಎಂದು ಘಟಕದ ನರ್ಸ್‌ಗಳಲ್ಲಿ ಮೊದಲೇ ಕೇಳಿಕೊಳ್ಳಿ.

ತಾಯಿಗೆ ನಿಜಕ್ಕೂ ಹಾಲು ಸಾಲದಿದ್ದರೆ ಪುಡಿಹಾಲಿಗೆ ಮೊದಲು ತಾಯಿಹಾಲಿನ ಬ್ಯಾಂಕ್ ಇದೆಯೇ ಎಂದು ವಿಚಾರಿಸಿ. ಇತರ ತಾಯಂದಿರು ದಾನ ಮಾಡಿದ ಹಾಲನ್ನು ಪರೀಕ್ಷಿಸಿ, ಕಾಯಿಸಿ, ಶೈತ್ಯದಲ್ಲಿ ಇಡುವ ವ್ಯವಸ್ಥೆ ಇದು. ಏಷ್ಯಾದ ಮೊದಲ ಹಾಲಿನ ಬ್ಯಾಂಕನ್ನು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಸ್ಥಾಪಿಸಿದರು. ಕೇರಳದ ಮೊದಲ ಬ್ಯಾಂಕ್ 2021ರಲ್ಲಿ ಎರ್ನಾಕುಳಂ ಜನರಲ್ ಆಸ್ಪತ್ರೆಯಲ್ಲಿ ಆರಂಭವಾಯಿತು.

ಎರಡನೆಯ ಕೆಲಸ: ಎದೆಯ ಮೇಲಿನ ಆರೈಕೆ

1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇನ್‌ಕ್ಯುಬೇಟರ್‌ಗಳು ಸಾಲುತ್ತಿರಲಿಲ್ಲ. ಒಂದೊಂದರಲ್ಲಿ ಎರಡು ಮೂರು ಮಕ್ಕಳನ್ನು ಮಲಗಿಸಬೇಕಾಗಿ, ಸೋಂಕು ಹರಡಿ ಮಕ್ಕಳು ಸಾಯುತ್ತಿದ್ದವು. ಅಲ್ಲಿನ ಡಾ. ಎಡ್ಗರ್ ರೇ ಎಂಬವರು ಮಕ್ಕಳನ್ನು ತಾಯಂದಿರ ಬರಿ ಎದೆಗೆ ಕಟ್ಟಿ, ತಾಯಿಯ ಮೈಬಿಸಿಯಲ್ಲೇ ಇಡುವ ಕ್ರಮವನ್ನು ಆರಂಭಿಸಿದರು. ಕಾಂಗರೂ ತನ್ನ ಮರಿಯನ್ನು ಹೊಟ್ಟೆಯ ಚೀಲದಲ್ಲಿ ಸಾಕುವಂತೆ ಇರುವುದರಿಂದ ಇದಕ್ಕೆ ಕಾಂಗರೂ ಆರೈಕೆ ಎಂಬ ಹೆಸರು ಬಂತು.

ಬಹಳ ಕಾಲ ಇದನ್ನು ಯಂತ್ರವಿಲ್ಲದ ಬಡವರ ಉಪಾಯವೆಂದೇ ತಿಳಿಯಲಾಗಿತ್ತು. 2021ರಲ್ಲಿ ಪ್ರಕಟವಾದ ದೊಡ್ಡದೊಂದು ಪರೀಕ್ಷೆ ಈ ಭಾವನೆಯನ್ನು ಬದಲಿಸಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಮತ್ತು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ, ಒಂದು ಕಿಲೋದಿಂದ 1.8 ಕಿಲೋವರೆಗಿನ 3,211 ಮಕ್ಕಳ ಮೇಲೆ ಇದು ನಡೆಯಿತು. ಮಗು ಚೇತರಿಸಿದ ಮೇಲೆ ಎದೆಗೆ ಕಟ್ಟಿದ ಗುಂಪಿನಲ್ಲಿ ಮೊದಲ 28 ದಿನಗಳಲ್ಲಿ ನೂರಕ್ಕೆ ಸುಮಾರು 16 ಮಕ್ಕಳು ತೀರಿಕೊಂಡರೆ, ಹುಟ್ಟಿದೊಡನೆ ಎದೆಗೆ ಕಟ್ಟಿದ ಗುಂಪಿನಲ್ಲಿ 12 ಮಕ್ಕಳು ಮಾತ್ರ ತೀರಿಕೊಂಡರು. ಇದರ ನಂತರ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ಸಣ್ಣ ಮಕ್ಕಳಿಗೂ ಸಾಧ್ಯವಾದಷ್ಟು ಬೇಗ, ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ ಕೊಡಬೇಕೆಂದು ಸಲಹೆ ಮಾಡಿತು. ಉಸಿರಾಟಕ್ಕೆ ವೆಂಟಿಲೇಟರ್ ಬೇಕಾದಷ್ಟು ಕಷ್ಟದಲ್ಲಿರುವ ಮಕ್ಕಳ ವಿಷಯದಲ್ಲಿ ಮಾತ್ರ ಡಾಕ್ಟರರು ಹೇಳುವವರೆಗೆ ಕಾಯಬೇಕು.

ಮಾಡುವ ವಿಧಾನ ಸುಲಭ. ಮಗುವಿಗೆ ಟೋಪಿ, ಕಾಲುಚೀಲ ಮತ್ತು ಲಂಗೋಟಿ ಮಾತ್ರ ಇರಲಿ. ತಾಯಿ ಎದುರು ಬಿಚ್ಚುವ ಸಡಿಲವಾದ ರವಕೆಯನ್ನೋ ನೈಟಿಯನ್ನೋ ಧರಿಸಲಿ. ಮಗುವನ್ನು ಎರಡು ಮೊಲೆಗಳ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕೈಕಾಲು ಮಡಚಿ ಇಟ್ಟು, ತಲೆಯನ್ನು ಒಂದು ಬದಿಗೆ ತಿರುಗಿಸಿ, ಗಲ್ಲ ಸ್ವಲ್ಪ ಮೇಲಕ್ಕೆ ಇರುವಂತೆ ನೋಡಿಕೊಂಡು ಹತ್ತಿಯ ಬಟ್ಟೆಯಿಂದ ಕಟ್ಟಬೇಕು. ಮೂಗು, ಬಾಯಿ ಸದಾ ಕಾಣುತ್ತಿರಬೇಕು. ತಾಯಿ ಸ್ವಲ್ಪ ಒರಗಿ ಕುಳಿತುಕೊಳ್ಳಲಿ. ಒಮ್ಮೆ ಕಟ್ಟಿದರೆ ಒಂದು ಗಂಟೆಯಾದರೂ ಇರಲಿ. ನರ್ಸ್‌ಗಳು ಮೊದಲ ಸಲ ಕಟ್ಟಿ ತೋರಿಸುತ್ತಾರೆ.

ಇದನ್ನು ತಂದೆಯೂ ಮಾಡಬಹುದು. ಆರೋಗ್ಯವಂತರಾದ ಅಜ್ಜಿ, ಚಿಕ್ಕಮ್ಮ, ಅತ್ತೆಯೂ ಮಾಡಬಹುದು. ಗಂಡಸರು ನಾಚಿಕೆಪಡುವ ಕಾರಣವಿಲ್ಲ. ತಾಯಿ ಹಾಲು ತೆಗೆಯುವಾಗ, ಊಟಕ್ಕೆ ಹೋದಾಗ, ನಿದ್ರಿಸುವಾಗ ಮಗುವಿಗೆ ತಂದೆಯ ಎದೆ ಬೇಕು.

ಮೂರನೆಯ ಕೆಲಸ: ಶುಚಿತ್ವ

ಈ ಮಕ್ಕಳಿಗೆ ದೊಡ್ಡ ಶತ್ರು ಸೋಂಕು. ಒಳಗೆ ಹೋಗುವ ಮೊದಲು ಉಂಗುರ, ಬಳೆ, ವಾಚು ತೆಗೆದಿಡಿ. ಉಗುರು ಕತ್ತರಿಸಿರಲಿ. ಸಾಬೂನು ಹಚ್ಚಿ ಮೊಣಕೈಯವರೆಗೆ ತೊಳೆದು ಕೈಯನ್ನು ಗಾಳಿಯಲ್ಲಿ ಆರಿಸಬೇಕು ಅಥವಾ ಅಲ್ಲಿ ಕೊಡುವ ಶುಚಿಯಾದ ಬಟ್ಟೆಯಲ್ಲಿ ಒರಸಬೇಕು. ಹೆಗಲ ಮೇಲಿನ ಬೈರಾಸಿನಲ್ಲಿ ಒರಸಬಾರದು. ಮೊಬೈಲ್ ಮುಟ್ಟಿದರೆ ಮತ್ತೆ ತೊಳೆಯಬೇಕು.

ಕೃಷಿಕರು ಇನ್ನೂ ಒಂದು ಎಚ್ಚರಿಕೆ ವಹಿಸಬೇಕು. ಹಟ್ಟಿಯ ಕೆಲಸ ಮಾಡಿ, ಗೊಬ್ಬರ ಹೊತ್ತು, ಅಡಿಕೆಗೆ ಮದ್ದು ಬಿಟ್ಟು ಅದೇ ಬಟ್ಟೆಯಲ್ಲಿ ಆಸ್ಪತ್ರೆಗೆ ಹೊರಡಬಾರದು. ಮಿಂದು, ಒಗೆದ ಬಟ್ಟೆ ತೊಟ್ಟು ಹೋಗಬೇಕು. ಶೀತ, ಜ್ವರ, ಕಜ್ಜಿ, ಕೈಗಾಯ ಇದ್ದವರು ಗುಣವಾಗುವವರೆಗೆ ದೂರ ಇರಲಿ. ತಾಯಿಗೇ ಶೀತವಾದರೆ ನರ್ಸ್‌ಗೆ ತಿಳಿಸಿ, ಮಾಸ್ಕ್ ಕಟ್ಟಿ ಹಾಲು ತೆಗೆಯುವುದನ್ನು ಮುಂದುವರಿಸಬಹುದು.

ಜೇನು, ಬಜೆ ತೇದ ನೀರು, ಹರಳೆಣ್ಣೆ, ಗ್ರೈಪ್ ವಾಟರ್, ದನದ ಹಾಲು ಇವು ಯಾವುವನ್ನೂ ಕದ್ದು ಬಾಯಿಗೆ ಹಾಕಬಾರದು. ಹಿರಿಯರು ಕೊಟ್ಟ ಅನುಭವವಿದ್ದರೂ, ಹಾಗೆ ಕೊಟ್ಟದ್ದು ದಿನ ತುಂಬಿದ ಮಕ್ಕಳಿಗೆ. ಒಂದು ವರ್ಷ ತುಂಬದ ಯಾವ ಮಗುವಿಗೂ ಜೇನು ಕೊಡಬಾರದೆಂದು ವೈದ್ಯಶಾಸ್ತ್ರ ಹೇಳುತ್ತದೆ.

ಒಳಗೆ ಬಿಡದಿದ್ದರೆ?

ಕೆಲವು ಆಸ್ಪತ್ರೆಗಳಲ್ಲಿ ದಿನಕ್ಕೆ ಹತ್ತು ನಿಮಿಷ ಮಾತ್ರ ಮಗುವನ್ನು ತೋರಿಸುವ ಪದ್ಧತಿ ಇದೆ. ಹೊರಗಿನವರು ಬಂದರೆ ಸೋಂಕು ತರುತ್ತಾರೆಂಬ ಭಯ ಇದಕ್ಕೆ ಕಾರಣ. ಆದರೆ 1979ರಿಂದಲೇ ಎಸ್ಟೋನಿಯಾ ದೇಶದ ತಾಲಿನ್ ನಗರದಲ್ಲಿ ಡಾ. ಆದಿಕ್ ಲೆವಿನ್ ನರ್ಸ್‌ಗಳ ಕೊರತೆಯಿಂದಾಗಿ ತಾಯಂದಿರನ್ನೇ ಕಾಯಿಲೆಯ ಮಕ್ಕಳ ಬಳಿ ಇರಿಸಿ ಆರೈಕೆ ಕಲಿಸಿದರು. ನಮ್ಮ ದೇಶದಲ್ಲಿ ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಇಂತಹ ಕ್ರಮ ನಡೆದು, 2017ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಕುಟುಂಬದವರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂಬ ಮಾರ್ಗಸೂಚಿಯನ್ನೇ ಹೊರಡಿಸಿತು. ಆದುದರಿಂದ ವಿನಯದಿಂದಲೇ ಕೇಳಿ: “ಡಾಕ್ಟ್ರೇ, ಕಾಂಗರೂ ಆರೈಕೆಗೆ ತಾಯಿಯನ್ನು ಯಾವಾಗ ಬಿಡುತ್ತೀರಿ? ಕೊಳವೆಯಲ್ಲಿ ಹಾಲು ಕೊಡುವುದನ್ನು, ಲಂಗೋಟಿ ಬದಲಿಸುವುದನ್ನು ನಮಗೂ ಕಲಿಸುತ್ತೀರಾ?” ಜಗಳವಾಡಿ ಪ್ರಯೋಜನವಿಲ್ಲ. ಕೇಳದೆ ಸುಮ್ಮನಿರುವುದೂ ಸರಿಯಲ್ಲ.

ದಿನಕ್ಕೊಮ್ಮೆ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ: ಇಂದು ಉಸಿರಾಟ ಹೇಗಿದೆ? ಎಷ್ಟು ಹಾಲು ಕುಡಿಯಿತು? ತೂಕ ಎಷ್ಟು? ಹೊಸದಾಗಿ ಯಾವ ಔಷಧಿ ಅಥವಾ ಪರೀಕ್ಷೆ, ಯಾಕೆ? ಮನೆಯಿಂದ ಒಬ್ಬರೇ ಡಾಕ್ಟರರೊಂದಿಗೆ ಮಾತನಾಡಿದರೆ ಗೊಂದಲವಿರುವುದಿಲ್ಲ. ಆ ಒಬ್ಬರು ಸಾಧ್ಯವಾದರೆ ತಾಯಿ ಇಲ್ಲವೆ ತಂದೆಯೇ ಆಗಿರಲಿ.

ತಾಯಿಯ ಮೇಲೆ ತಪ್ಪು ಹೊರಿಸಬೇಡಿ

“ತೋಟಕ್ಕೆ ಹೋಗಿ ಸೋಗೆ ಎಳೆದಳು”, “ಪಪ್ಪಾಯಿ ತಿಂದಳು”, “ಗ್ರಹಣದ ದಿನ ಹೊರಗೆ ಬಂದಳು” ಎಂಬ ಮಾತುಗಳು ಆಸ್ಪತ್ರೆಯ ಜಗಲಿಯಲ್ಲೇ ಆರಂಭವಾಗುತ್ತವೆ. ಬೇಗ ಹೆರಿಗೆಯಾಗಲು ರಕ್ತದೊತ್ತಡ, ಸೋಂಕು, ಅವಳಿ ಮಕ್ಕಳು, ಗರ್ಭಕೋಶದ ತೊಂದರೆ ಹೀಗೆ ಅನೇಕ ಕಾರಣಗಳಿವೆ. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ತಾಯಿ ಆಗಲೇ ಮನಸ್ಸಿನಲ್ಲಿ ತನ್ನನ್ನೇ ಹಳಿದುಕೊಳ್ಳುತ್ತಿರುತ್ತಾಳೆ. ಹೊರಗಿನ ಒಂದು ಮಾತು ಅವಳ ನಿದ್ರೆಯನ್ನೂ ಊಟವನ್ನೂ ಕೆಡಿಸುತ್ತದೆ. ಹಾಲು ಇಳಿಯುವುದಕ್ಕೂ ಅಡ್ಡಿಯಾಗುತ್ತದೆ.

ಹೆರಿಗೆಯ ನಂತರ ಕೆಲವು ದಿನ ಅಳು ಬರುವುದು ಸಹಜ. ಎರಡು ವಾರ ಕಳೆದರೂ ನಿದ್ರೆ ಬಾರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡವೆನ್ನುತ್ತಿದ್ದರೆ ಅದು ಕಾಯಿಲೆ. ಡಾಕ್ಟರರಿಗೆ ತಿಳಿಸಿದರೆ ಚಿಕಿತ್ಸೆಯಿದೆ. ಬದುಕು ಬೇಡವೆಂಬ ಮಾತು ಬಂದರೆ ಎರಡು ವಾರ ಕಾಯದೆ ಅಂದೇ ತಿಳಿಸಬೇಕು. ಬಾಣಂತನದ ಊಟ, ವಿಶ್ರಾಂತಿ ತಾಯಿಗೆ ಖಂಡಿತ ಬೇಕು. ಅದನ್ನು ಆಸ್ಪತ್ರೆಯ ಹತ್ತಿರ, ಮಗುವಿನ ಸಮೀಪದಲ್ಲಿ ಒದಗಿಸುವುದು ಹೇಗೆ ಎಂದು ಯೋಚಿಸೋಣ.

ಖರ್ಚಿನ ವಿಷಯ

ಹಣ ಮುಗಿಯಿತೆಂದು ವೈದ್ಯರ ಸಲಹೆಗೆ ವಿರುದ್ಧವಾಗಿ ಮಗುವನ್ನು ಮನೆಗೆ ತಂದು ಕಳೆದುಕೊಂಡವರಿದ್ದಾರೆ. ಹಾಗೆ ಮಾಡುವ ಮೊದಲು ಸರಕಾರಿ ಆಸ್ಪತ್ರೆಗೆ ವರ್ಗಾಯಿಸಲು ಕೇಳಿ. ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುಗಳಿಗಾಗಿ ವಿಶೇಷ ಘಟಕಗಳಿವೆ. 2011ರ ಜೂನ್ 1ರಂದು ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಗಳಲ್ಲಿ ಇಂತಹ ಮಗುವಿಗೆ ಔಷಧಿ, ಪರೀಕ್ಷೆ, ರಕ್ತ, ವಾಹನ ಎಲ್ಲವೂ ಉಚಿತ. ಮೊದಲು ಹುಟ್ಟಿದ 30 ದಿನದವರೆಗೆ ಇದ್ದ ಈ ಸೌಲಭ್ಯವನ್ನು 2014ರಲ್ಲಿ ಒಂದು ವರ್ಷದವರೆಗೆ ವಿಸ್ತರಿಸಲಾಯಿತು. ನಮ್ಮ ರೇಷನ್ ಕಾರ್ಡ್ ಒಂದು ರಾಜ್ಯದ್ದು, ಆಸ್ಪತ್ರೆ ಇನ್ನೊಂದು ರಾಜ್ಯದ್ದು ಆಗಿರುವುದರಿಂದ ಆರೋಗ್ಯ ವಿಮೆಯ ಕಾರ್ಡ್ ಅಲ್ಲಿ ನಡೆಯುತ್ತದೆಯೇ, ಯಾರ ಪತ್ರ ಬೇಕು ಎಂದು ಸೇರಿಸಿದ ದಿನವೇ ವಿಚಾರಿಸಬೇಕು. ಬಿಡುಗಡೆಯ ದಿನ ಕೇಳಿದರೆ ತಡವಾಗುತ್ತದೆ.

ಮಗುವನ್ನು ಸಾಗಿಸುವಾಗ ದಾರಿಯಲ್ಲಿ ತಣ್ಣಗಾಗುವುದೇ ದೊಡ್ಡ ಅಪಾಯ. 108 ಆಂಬುಲೆನ್ಸ್ ಕರೆಯಿರಿ. ವೈದ್ಯರು ಒಪ್ಪಿದರೆ ಮಗುವನ್ನು ತಾಯಿಯ ಅಥವಾ ತಂದೆಯ ಎದೆಗೆ ಕಟ್ಟಿಯೇ ಕೊಂಡೊಯ್ಯಬಹುದು. ಹೆರಿಗೆಗೆ ಮೊದಲೇ ನೋವು, ನೀರು ಹೋಗುವುದು ಕಂಡುಬಂದರೆ ಕಾಯದೆ ನವಜಾತ ಶಿಶು ಘಟಕವಿರುವ ಆಸ್ಪತ್ರೆಗೇ ಹೋಗುವುದು ಎಲ್ಲಕ್ಕಿಂತ ಉತ್ತಮ. 34 ವಾರಕ್ಕೆ ಮೊದಲಾದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಇಂಜೆಕ್ಷನ್ ಕೊಡಲು ಆಗ ಸಮಯ ಸಿಗುತ್ತದೆ.

ದೀಕ್ಷಾಸ್ನಾನದ ಕುರಿತು

ಮಗುವಿನ ಪ್ರಾಣಕ್ಕೆ ಅಪಾಯವಿದ್ದರೆ ದೀಕ್ಷಾಸ್ನಾನಕ್ಕಾಗಿ ದಿನ ನೋಡಬೇಕಾಗಿಲ್ಲ, ಗುರುಗಳಿಗಾಗಿ ಕಾಯಬೇಕಾಗಿಲ್ಲ. ಅಂತಹ ತುರ್ತಿನಲ್ಲಿ ಸರಿಯಾದ ಉದ್ದೇಶವಿರುವ ಯಾರು ಬೇಕಾದರೂ, ತಂದೆಯೋ ತಾಯಿಯೋ ನರ್ಸೋ, ಇದನ್ನು ಕೊಡಬಹುದೆಂದು ಧರ್ಮಸಭೆಯ ಕಾನೂನು ಹೇಳುತ್ತದೆ. ನರ್ಸ್‌ನಲ್ಲಿ ಶುದ್ಧವಾದ ಸ್ವಲ್ಪ ನೀರು ಕೇಳಿ ಪಡೆದು, ಮಗುವಿನ ತಲೆಯ ಮೇಲೆ ಹರಿಸುತ್ತಾ, ಹೆಸರು ಹೇಳಿ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ದೀಕ್ಷಾಸ್ನಾನ ಕೊಡುತ್ತೇನೆ ಎಂದರೆ ಸಾಕು. ಕೂಡಲೇ ಮೆಲ್ಲನೆ ಒರಸಿ ಬೆಚ್ಚಗಿಡಬೇಕು. ಆಮೇಲೆ ಚರ್ಚಿಗೆ ತಿಳಿಸಿ ದಾಖಲೆ ಮಾಡಿಸಿರಿ. ಎಲ್ಲ ಪ್ರಯತ್ನದ ನಂತರವೂ ಕೆಲವು ಮಕ್ಕಳು ಉಳಿಯುವುದಿಲ್ಲ. ಆಗಲೂ ಮಗುವನ್ನು ಎತ್ತಿಕೊಳ್ಳಲು, ಎದೆಗೊತ್ತಿಕೊಳ್ಳಲು ತಾಯಿಗೆ ಅವಕಾಶ ಕೊಡಬೇಕು. “ನೋಡಬೇಡ, ಮರೆತುಬಿಡು” ಎನ್ನುವುದರಿಂದ ದುಃಖ ಕಡಿಮೆಯಾಗುವುದಿಲ್ಲ.

ಮರೆಯಬಾರದ ಕಣ್ಣಿನ ಪರೀಕ್ಷೆ

ಅವಧಿಗೆ ಮೊದಲು ಹುಟ್ಟಿದ ಮಕ್ಕಳ ಕಣ್ಣಿನ ಒಳಪದರದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಹುಟ್ಟಿದ ಮೇಲೆ ಅವು ಅಡ್ಡಾದಿಡ್ಡಿ ಬೆಳೆದರೆ ಪದರ ಕಿತ್ತುಬಂದು ಮಗು ಶಾಶ್ವತವಾಗಿ ಕುರುಡಾಗಬಹುದು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ತಾಯಿಗೆ ತಿಳಿಯುವ ಹೊತ್ತಿಗೆ ಕಾಲ ಮೀರಿರುತ್ತದೆ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ಇದ್ದ ಎಲ್ಲ ಮಕ್ಕಳ ಕಣ್ಣನ್ನು ಹುಟ್ಟಿದ 30 ದಿನದೊಳಗೆ ತಜ್ಞರು ಪರೀಕ್ಷಿಸಲೇಬೇಕು. ತೀರಾ ಸಣ್ಣ ಮಕ್ಕಳಿಗೆ ಇನ್ನೂ ಬೇಗ, ಎರಡು ಮೂರು ವಾರದಲ್ಲೇ. ಸಕಾಲದಲ್ಲಿ ಲೇಸರ್ ಅಥವಾ ಇಂಜೆಕ್ಷನ್ ಕೊಟ್ಟರೆ ಹೆಚ್ಚಿನ ಮಕ್ಕಳ ದೃಷ್ಟಿ ಉಳಿಯುತ್ತದೆ. ಒಮ್ಮೆ ನೋಡಿ ಮತ್ತೆ ಬರಲು ಹೇಳಿದ ದಿನವನ್ನು ತಪ್ಪಿಸಬಾರದು. ಅಡಿಕೆ ಕೊಯ್ಲಿದೆ, ಮನೆಯಲ್ಲಿ ಮದುವೆಯಿದೆ ಎಂದು ಮುಂದೂಡಬೇಡಿ. ಕಿವಿಯ ಪರೀಕ್ಷೆಯನ್ನೂ ಬಿಡುಗಡೆಗೆ ಮೊದಲು ಕೇಳಿ ಮಾಡಿಸಿಕೊಳ್ಳಿ.

ಮನೆಗೆ ಬಂದ ಮೇಲೆ

ಮಗು ಉಸಿರಾಟದ ಸಹಾಯವಿಲ್ಲದೆ ಇದ್ದು, ಮೊಲೆ ಅಥವಾ ಒಳಲೆಯಿಂದ ಹಾಲು ಕುಡಿದು, ತೂಕ ಏರುತ್ತಾ ಬಂದಾಗ ಮನೆಗೆ ಕಳುಹಿಸುತ್ತಾರೆ. ಮನೆಯಲ್ಲೂ ಕಾಂಗರೂ ಆರೈಕೆ ಮುಂದುವರಿಯಲಿ. ಎರಡೂವರೆ ಕಿಲೋ ಆದ ಹೊತ್ತಿಗೆ ಮಗು ತಾನಾಗಿ ಒದ್ದಾಡಿ ಸಾಕೆನ್ನುತ್ತದೆ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವುದನ್ನು ಡಾಕ್ಟರರು ಹೇಳುವವರೆಗೆ ತಡೆಯಿರಿ. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒರಸಿದರೆ ಸಾಕು. ಮೂಗು ಕಿವಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿ ಹೊಗೆ ಹಾಕುವುದು ಬೇಡ. ಬೀಡಿಯ ಹೊಗೆ, ಒಲೆಯ ಹೊಗೆ ಮಗು ಮಲಗುವ ಕೋಣೆಗೆ ಬರಬಾರದು. ಮಗುವನ್ನು ಅಂಗಾತ ಮಲಗಿಸಿ.

ಚುಚ್ಚುಮದ್ದುಗಳನ್ನು ಹುಟ್ಟಿದ ದಿನಾಂಕದ ಲೆಕ್ಕದಲ್ಲೇ ಕೊಡಿಸಬೇಕು. ಆದರೆ ಬೆಳವಣಿಗೆಯನ್ನು ಅಳೆಯುವಾಗ ಎಷ್ಟು ವಾರ ಬೇಗ ಹುಟ್ಟಿತೋ ಅಷ್ಟನ್ನು ಕಳೆಯಬೇಕು. ಎರಡು ತಿಂಗಳು ಬೇಗ ಹುಟ್ಟಿದ ಮಗು ಆರು ತಿಂಗಳಲ್ಲಿ ನಾಲ್ಕು ತಿಂಗಳ ಮಗುವಿನಂತಿದ್ದರೆ ಚಿಂತೆ ಬೇಡ. ಆಶಾ ಕಾರ್ಯಕರ್ತೆಯರು ಮೊದಲ 42 ದಿನಗಳಲ್ಲಿ ಮನೆಗೆ ಬಂದು ಮಗುವನ್ನು ನೋಡುವ ಕ್ರಮವಿದೆ. ಮಗು ಮನೆಗೆ ಬಂದದ್ದನ್ನು ಅವರಿಗೆ ತಿಳಿಸಿ.

ಈ ಕೆಳಗಿನ ಯಾವುದಾದರೂ ಒಂದು ಕಂಡರೂ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು:

- ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು
- ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡುವುದು, ಉಸಿರೆಳೆಯುವಾಗ ಪಕ್ಕೆ ಒಳಹೋಗುವುದು, ಉಸಿರು ನಿಂತು ನಿಂತು ಬರುವುದು
- ಮೈ ಬಿಸಿಯೇರುವುದು, ಅಥವಾ ಹೊಟ್ಟೆ ಪಾದಗಳು ತಣ್ಣಗಾಗುವುದು
- ಅಂಗೈ, ಅಂಗಾಲು ಹಳದಿಯಾಗುವುದು, ತುಟಿ ನೀಲಿಯಾಗುವುದು
- ಫಿಟ್ಸ್ ಬರುವುದು, ಹೊಟ್ಟೆ ಉಬ್ಬುವುದು

ನೆರೆಕರೆಯವರು ಮಾಡಬಹುದಾದದ್ದು

ಇಂತಹ ಕುಟುಂಬಕ್ಕೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ನೋಡಲು ಹೋಗುವುದಕ್ಕಿಂತ ಉಪಯುಕ್ತವಾದ ಕೆಲಸಗಳಿವೆ. ಅವರ ದನ ಕರೆದು ಹಾಲು ಡೈರಿಗೆ ಕೊಡಿ. ಅಂಗಳದಲ್ಲಿ ಹರವಿದ ಅಡಿಕೆಯನ್ನು ಮಳೆಹನಿ ಬಿದ್ದರೆ ರಾಶಿ ಮಾಡಿ ಮುಚ್ಚಿ. ತೋಟಕ್ಕೆ ನೀರು ಬಿಡಿ. ದೊಡ್ಡ ಮಕ್ಕಳಿಗೆ ಊಟ ಕೊಟ್ಟು ಶಾಲೆಗೆ ಕಳುಹಿಸಿ. ಆಸ್ಪತ್ರೆಯ ಸಮೀಪದಲ್ಲಿ ನೆಂಟರ ಮನೆ ಇದ್ದವರು ತಾಯಿಗೆ ಒಂದು ಕೋಣೆ, ಬಿಸಿ ಗಂಜಿ ಒದಗಿಸಿ. ವಾರ್ಡಿನ ಗುರಿಕಾರರು ಇದನ್ನು ಹಂಚಿಕೊಟ್ಟರೆ ಯಾರಿಗೂ ಹೊರೆಯಾಗುವುದಿಲ್ಲ. ಊರಿನ ಚಿಂತೆ ತಪ್ಪಿದರೆ ತಂದೆ ಒಂದು ಗಂಟೆ ಹೆಚ್ಚು ಹೊತ್ತು ಮಗುವನ್ನು ಎದೆಯ ಮೇಲೆ ಇಟ್ಟುಕೊಳ್ಳಬಹುದು, ತಾಯಿ ಸಮಯಕ್ಕೆ ಸರಿಯಾಗಿ ಹಾಲು ತೆಗೆಯಬಹುದು. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಬಸುರಿ ಹೆಂಗಸರಿದ್ದರೆ ಈ ಪುಟವನ್ನು ಅವರಿಗೆ ಓದಿ ಹೇಳಿ, ತೆಗೆದಿರಿಸಿಕೊಳ್ಳಲು ಕೊಡಿ.